ಕಾವಲೋ, ಹೊಂಚೋ?
ಮಕ್ಕಳ ಗಣಕಯಂತ್ರದ ಮೇಲಿನ ಗುಪ್ತ ನಿಗಾ: ಒಂದು ವಿಮರ್ಶೆ

ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆಯುವ ಮಂಡ್ಯದ ವಿ.ಸಿ. ಫಾರಂನ ಪ್ರಯೋಗದ ತಾಕುಗಳನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಯಾವ ತಳಿ, ಎಂದು ಬಿತ್ತಿದ್ದು ಎಂಬುದನ್ನು ತಾಕಿನ ಮುಂದಿನ ಫಲಕವೇ ಹೇಳುತ್ತದೆ. ತೆನೆ ಹಾಲುಗಟ್ಟುವ ಕಾಲಕ್ಕೆ ಭತ್ತದ ಗದ್ದೆಗಳಲ್ಲಿ ಕಾವಲಿನವರು ತಗಡು ಬಡಿಯುತ್ತಾರೆ, ಕೂಗು ಹಾಕುತ್ತಾರೆ. ಕಾವಲಿದೆಯೆಂಬುದು ದಾರಿಹೋಕನಿಗೂ ಗೊತ್ತು, ಹಕ್ಕಿಗೂ ಗೊತ್ತು. ಹೀಗೆ ತನ್ನ ಇರವನ್ನು ತಾನೇ ಸಾರಿಕೊಳ್ಳುವುದು ಕಾವಲಿನ ಲಕ್ಷಣ. ಮರೆಯಲ್ಲಿ ಕುಳಿತು, ಸದ್ದಿಲ್ಲದೆ, ಇನ್ನೊಬ್ಬನ ಹೆಜ್ಜೆಯನ್ನು ಎಣಿಸುವುದಕ್ಕೆ ನಮ್ಮ ಭಾಷೆಯಲ್ಲಿ ಬೇರೆಯೇ ಪದವುಂಟು: ಅದು ಹೊಂಚು. ಈ ಎರಡು ಪದಗಳ ನಡುವಣ ಅಂತರವನ್ನು ನಮ್ಮ ಮನೆಗಳು ಮರೆಯುತ್ತಿವೆಯೆಂಬ ಆತಂಕದಿಂದ ಈ ಲೇಖನವನ್ನು ಬರೆಯಬೇಕಾಯಿತು.

ಫಾರಂನ ಕಡೆಗೆ ಹೋಗುವ ದಾರಿಯಲ್ಲಿಯೇ ನಮ್ಮ ಬಂಧುಗಳೊಬ್ಬರ ಮನೆಯಿದೆ. ಧರ್ಮಶ್ರದ್ಧೆಯುಳ್ಳ ಕುಟುಂಬ. ಸೂರ್ಯಾಸ್ತಕ್ಕೆ ಮುನ್ನ ಊಟ, ಪರ್ವದಿನಗಳಲ್ಲಿ ಏಕಭುಕ್ತ, ವರ್ಷಕ್ಕೊಮ್ಮೆ ಶ್ರವಣಬೆಳಗೊಳ ಹಾಗೂ ಕಂಬದಹಳ್ಳಿಯ ದರ್ಶನ, ಇವುಗಳಿಗೆ ಆ ಮನೆಯಲ್ಲಿ ಲೋಪವಿಲ್ಲ. ಎರಡು ವರ್ಷಗಳ ಹಿಂದೆ ಅವರ ಮಗಳು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ ಸಿ.ಇ.ಟಿ. ಅಭ್ಯಾಸಕ್ಕೆಂದು ಒಂದು ಕಂಪ್ಯೂಟರನ್ನು ತಂದು ಅವಳ ಕೋಣೆಯಲ್ಲಿ ಇರಿಸಿದರು. ಜತೆಯಲ್ಲಿಯೇ, ಸ್ನೇಹಿತರೊಬ್ಬರ ಸಲಹೆಯಂತೆ, ಮಗಳಿಗೆ ತಿಳಿಯದ ಹಾಗೆ ಒಂದು ನಿಗಾ ತಂತ್ರಾಂಶವನ್ನೂ ಅದರೊಳಗೆ ಸೇರಿಸಿದರು. ಮಗಳು ಒತ್ತಿದ ಪ್ರತಿ ಅಕ್ಷರವೂ, ಕೆಲವು ನಿಮಿಷಗಳಿಗೊಮ್ಮೆ ಪರದೆಯ ಚಿತ್ರವೂ ತಂದೆಯ ಮೊಬೈಲಿಗೆ ತಲುಪತೊಡಗಿದವು.

ಅವರು ಅಂಜಿದ್ದ ಯಾವ ದೋಷವೂ ಅದರಲ್ಲಿ ಕಾಣಲಿಲ್ಲ. ಕಂಡದ್ದು ಗೆಳತಿಗೆ ಬರೆದ ಕೆಲವು ಪತ್ರಗಳು. ವಿಜ್ಞಾನದಲ್ಲಿ ತನಗೆ ಮನಸ್ಸಿಲ್ಲವೆಂದೂ, ಮನೆಯಲ್ಲಿ ಹೇಳಲು ಧೈರ್ಯ ಸಾಲದೆಂದೂ, ಅಜ್ಜಿಯ ಗೊಣಗಾಟದಿಂದ ಬೇಸರವಾಗಿದೆಯೆಂದೂ ಆ ಹುಡುಗಿ ಬರೆದುಕೊಂಡಿದ್ದಳು. ಒಂದು ಭಾನುವಾರ ಬಂಧುಗಳೆಲ್ಲ ಊಟಕ್ಕೆ ಕುಳಿತಿದ್ದಾಗ, ಅಜ್ಜಿಯ ಕುರಿತಾದ ಮಾತನ್ನು ತಂದೆ ವಿನೋದಕ್ಕೆಂದು ಎಲ್ಲರೆದುರು ಆಡಿಬಿಟ್ಟರು. ಪಂಕ್ತಿಯಲ್ಲಿದ್ದವರು ನಕ್ಕರು. ನಾನೂ ಆ ಪಂಕ್ತಿಯಲ್ಲಿದ್ದೆ, ನಾನೂ ನಕ್ಕೆ. ಹುಡುಗಿ ಎಲೆಯ ಮುಂದಿನಿಂದ ಎದ್ದು ಹೋದಳು. ಮರುದಿನದಿಂದ ಆ ಕಂಪ್ಯೂಟರಿನಲ್ಲಿ ಪಾಠದ ಹೊರತು ಬೇರೊಂದು ಅಕ್ಷರವನ್ನೂ ಆಕೆ ಬರೆಯಲಿಲ್ಲ. ತಂದೆಯೊಡನೆ ಮಾತೂ ಅಷ್ಟಕ್ಕಷ್ಟೇ ಆಯಿತು.

ಕೆಲವು ದಿನಗಳ ಬಳಿಕ ಬಸದಿಯ ಅಂಗಳದಲ್ಲಿ ಭೇಟಿಯಾದ ಅವರು ನನ್ನನ್ನು ಕೇಳಿದರು: “ಅಣ್ಣಾ, ಯಂತ್ರ ನನ್ನದು, ಮಗಳು ನನ್ನವಳು. ಅವಳ ಒಳಿತಿಗಾಗಿ ನೋಡಿದೆ. ಇದರಲ್ಲಿ ತಪ್ಪೇನು?” ಅಂದು ನನಗೆ ಉತ್ತರ ತೋಚಲಿಲ್ಲ. ಅನೇಕ ತಂದೆತಾಯಿಯರ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಇರುವುದರಿಂದ, ಅದನ್ನು ಬಿಡಿಸಿ ನೋಡುವುದು ಯುಕ್ತವೆನಿಸುತ್ತದೆ.

ಮೊದಲಿಗೆ ಪೋಷಕರ ಭಯವನ್ನು ಹಗುರವಾಗಿ ಎಣಿಸಬಾರದು. ಅಂತರಜಾಲದಲ್ಲಿ ಮಕ್ಕಳನ್ನು ಬಲೆಗೆ ಕೆಡಹುವವರಿದ್ದಾರೆ. ಚಿತ್ರಗಳನ್ನು ಪಡೆದು ಬೆದರಿಸುವವರಿದ್ದಾರೆ. ಆಟದ ಹೆಸರಿನಲ್ಲಿ ಹಣ ಕೀಳುವವರಿದ್ದಾರೆ. ನಮ್ಮ ಆಚಾರ್ಯರು ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುವಾಗ ದುಃಶ್ರುತಿಯನ್ನೂ, ಪ್ರಮಾದಚರ್ಯೆಯನ್ನೂ, ಹಿಂಸಾದಾನವನ್ನೂ ಹೆಸರಿಸಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವ ಕೇಳುವಿಕೆ, ಎಚ್ಚರವಿಲ್ಲದ ನಡತೆ, ಕೇಡು ಮಾಡಬಲ್ಲ ಸಾಧನವನ್ನು ಇನ್ನೊಬ್ಬರ ಕೈಗಿಡುವುದು, ಈ ಮೂರೂ ಶ್ರಾವಕನಿಗೆ ವರ್ಜ್ಯ. ಹತ್ತು ವರ್ಷದ ಮಗುವಿನ ಕೋಣೆಯಲ್ಲಿ ಕಟ್ಟುಪಾಡಿಲ್ಲದ ಅಂತರಜಾಲವನ್ನು ತೆರೆದಿಟ್ಟು ತಮ್ಮ ಪಾಡಿಗೆ ತಾವಿರುವ ತಂದೆತಾಯಿ ಈ ದೋಷಗಳಿಂದ ತಪ್ಪಿಸಿಕೊಳ್ಳಲಾರರು. ಆದ್ದರಿಂದ ನಿಗಾ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ, ಬೇಕು. ಅದರ ಸ್ವರೂಪ ಎಂತಹುದು ಎಂಬಲ್ಲಿ ಚರ್ಚೆ ಇದೆ.

ಪೇಟೆಯಲ್ಲಿ ದೊರೆಯುವ ತಂತ್ರಾಂಶಗಳೆಲ್ಲವೂ ಒಂದೇ ಜಾತಿಯವಲ್ಲ. ಒಂದು ವರ್ಗದವು ಬೇಲಿಯಂಥವು: ಅನುಚಿತವಾದ ತಾಣಗಳನ್ನು ತಡೆಯುತ್ತವೆ, ಬಳಕೆಗೆ ವೇಳೆಯನ್ನು ನಿಗದಿಮಾಡುತ್ತವೆ. ಮೈಕ್ರೋಸಾಫ್ಟ್ ಮತ್ತು ಗೂಗಲ್ ಸಂಸ್ಥೆಗಳು ಕುಟುಂಬಗಳಿಗೆಂದು ಒದಗಿಸಿರುವ ಏರ್ಪಾಡುಗಳು ಬಹುಮಟ್ಟಿಗೆ ಈ ಬಗೆಯವು. ಅಲ್ಲಿ ಮಗುವಿಗೆ ತನ್ನದೇ ಖಾತೆಯಿರುತ್ತದೆ. ಹಿರಿಯರ ಮೇಲ್ವಿಚಾರಣೆಯಿದೆಯೆಂಬುದು ಅದಕ್ಕೆ ತಿಳಿದಿರುತ್ತದೆ. ಇನ್ನೊಂದು ವರ್ಗದವು ಏನನ್ನೂ ತಡೆಯುವುದಿಲ್ಲ, ಎಲ್ಲವನ್ನೂ ದಾಖಲಿಸುತ್ತವೆ. ಅಡಗಿರುವುದೇ ಅವುಗಳ ಹೆಗ್ಗಳಿಕೆ. ಮಗುವಿಗೆ ಗೊತ್ತಾಗುವುದಿಲ್ಲವೆಂಬ ಆಶ್ವಾಸನೆಯನ್ನೇ ಮುಂದೊಡ್ಡಿ ಅವುಗಳನ್ನು ಮಾರುತ್ತಾರೆ. ಈ ವಿಮರ್ಶೆ ಎರಡನೆಯ ವರ್ಗಕ್ಕೆ ಸಂಬಂಧಿಸಿದ್ದು.

‘ಯಂತ್ರ ನನ್ನದು’ ಎಂಬ ಮೊದಲ ವಾದವನ್ನು ತೆಗೆದುಕೊಳ್ಳೋಣ. ಕಾಗದವನ್ನು ಕೊಂಡು ತಂದವನು ತಂದೆಯೆಂಬ ಮಾತ್ರಕ್ಕೆ ಮಗಳು ಅದರ ಮೇಲೆ ಬರೆದ ಪತ್ರ ತಂದೆಯದಾಗುವುದಿಲ್ಲ. ಅದು ಯಾರನ್ನು ಉದ್ದೇಶಿಸಿದೆಯೋ ಅವರಿಗೆ ಸೇರಿದ್ದು. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಸ್ತೇಯವೆಂದು ನಾವು ಪಾಠಶಾಲೆಯ ಮಕ್ಕಳಿಗೆ ಕಲಿಸುತ್ತೇವೆ. ವ್ಯಾಖ್ಯಾನಕಾರರು ಇದನ್ನು ಕೊಡುಕೊಳ್ಳುವಿಕೆಗೆ ಒದಗುವ ವಸ್ತುಗಳಿಗೆ ಸೀಮಿತಗೊಳಿಸಿದ್ದಾರೆಂಬುದು ನಿಜ. ಪತ್ರದ ಒಳಗನ್ನು ಓದಿದುದನ್ನು ಶಬ್ದಶಃ ಕಳ್ಳತನವೆಂದರೆ ಅತಿಯಾದೀತು. ಆದರೂ ವ್ರತದ ಆಶಯವನ್ನು ಬಲ್ಲವರು ಇಲ್ಲಿ ಕೊಂಚ ತಡೆದು ನಿಲ್ಲಬೇಕು. ಎದುರಿಗೆ ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ ಎಂಬ ಸಂದೇಹವಿದ್ದುದರಿಂದಲೇ ತಾನೆ ಕೇಳದೆ ತೆಗೆದುಕೊಂಡದ್ದು?

ಅಸ್ತೇಯಕ್ಕಿಂತಲೂ ಸತ್ಯಾಣುವ್ರತದ ಅತಿಚಾರಗಳು ಈ ಪ್ರಸಂಗಕ್ಕೆ ಹತ್ತಿರವಾಗಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಎಣಿಸುವ ಐದರಲ್ಲಿ ರಹೋಭ್ಯಾಖ್ಯಾನ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಮೂರನ್ನು ನೋಡಿರಿ. ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು ಮೊದಲನೆಯದು. ಇರಿಸಲು ಕೊಟ್ಟ ಒಡವೆಯನ್ನು ಜಾರಿಸಿಕೊಳ್ಳುವುದು ಎರಡನೆಯದು. ಇನ್ನೊಬ್ಬರ ಮುಖಚರ್ಯೆಯಿಂದ, ಹುಬ್ಬಿನ ಚಲನೆಯಿಂದ ಅವರ ಮನದೊಳಗನ್ನು ಅರಿತು ಬಯಲು ಮಾಡುವುದು ಮೂರನೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೈಶುನ್ಯವನ್ನು, ಎಂದರೆ ಚಾಡಿಯನ್ನು, ಇದೇ ಪಟ್ಟಿಗೆ ಸೇರಿಸಿದ್ದಾರೆ. ಶತಮಾನಗಳ ಹಿಂದೆಯೇ ನಮ್ಮ ಪೂರ್ವಾಚಾರ್ಯರು ಇನ್ನೊಬ್ಬರ ಏಕಾಂತಕ್ಕೆ ಬೆಲೆಯಿದೆಯೆಂದು ಗುರುತಿಸಿದ್ದರು. ಅದನ್ನು ಸತ್ಯವ್ರತದ ಕೆಳಗೆ ಇರಿಸಿದ್ದರು. ನಿಜವಾದ ಸಂಗತಿಯನ್ನು ಹೇಳಿದರೂ ಸತ್ಯಕ್ಕೆ ಊನ ಬರಬಹುದೆಂಬ ಈ ಸೂಕ್ಷ್ಮವು ಇಂದಿನ ತಂತ್ರಾಂಶದ ಕಾಲಕ್ಕೆ ಹೇಳಿಮಾಡಿಸಿದಂತಿದೆ.

ತಂದೆ ಮತ್ಸರದಿಂದ ಮಾಡಲಿಲ್ಲ, ವಾತ್ಸಲ್ಯದಿಂದ ಮಾಡಿದನಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಸಾಧುವೇ. ಪೂಜ್ಯಪಾದರು ಸಾಕಾರಮಂತ್ರಭೇದವನ್ನು ವಿವರಿಸುವಾಗ ಅಸೂಯೆ ಮೊದಲಾದುವನ್ನು ನಿಮಿತ್ತವಾಗಿ ಹೇಳಿದ್ದಾರೆ. ಆದ್ದರಿಂದ ನೋಡಿದ ಮಾತ್ರಕ್ಕೆ ತಂದೆಯನ್ನು ಅತಿಚಾರಿಯೆಂದು ನಾನು ಕರೆಯಲಾರೆ. ಆದರೆ ರಹಸ್ಯವಾಗಿ ಕಂಡದ್ದು ರಹಸ್ಯವಾಗಿಯೇ ಉಳಿಯುವುದು ಬಹು ಅಪರೂಪ. ಅದು ಗದರಿಕೆಯಾಗಿ ಹೊರಬೀಳುತ್ತದೆ, ಇಲ್ಲವೇ ಪಂಕ್ತಿಯ ವಿನೋದವಾಗಿ. ವಾತ್ಸಲ್ಯದಿಂದ ತೊಡಗಿದ ನೋಟವು ಪ್ರಮಾದದಲ್ಲಿ ಮುಗಿಯುತ್ತದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನು ಮುಂದಿರಿಸಿದ ಶಾಸ್ತ್ರಕಾರರಿಗೆ ಇದು ತಿಳಿಯದ ವಿಷಯವೇನೂ ಆಗಿರಲಿಲ್ಲ.

ನ್ಯಾಸಾಪಹಾರದ ವಿಷಯ ಇನ್ನೂ ಗಂಭೀರವಾದುದು. ಮಗುವು ತಂದೆತಾಯಿಯರಲ್ಲಿ ಇರಿಸಿದ ವಿಶ್ವಾಸವು ಒಂದು ನ್ಯಾಸ. ಬರಹವಿಲ್ಲ, ಸಾಕ್ಷಿಯಿಲ್ಲ, ಕೇಳಿದಾಗ ಮರಳಿ ದೊರೆತೀತೆಂಬ ನಂಬಿಕೆಯೊಂದೇ ಆಧಾರ. ನಮ್ಮ ವರ್ತಕ ಕುಟುಂಬಗಳು ಪರರು ಇರಿಸಿದ ಒಡವೆಯನ್ನು ಪ್ರಾಣದಂತೆ ಕಾಯ್ದು ಹೆಸರು ಗಳಿಸಿದವು. ಅಂಥ ಮನೆತನದವರು ಮಗಳು ಇರಿಸಿದ ಒಡವೆಯನ್ನು ಅವಳಿಗೆ ತಿಳಿಸದೆ ಒಡೆದು ನೋಡಬಹುದೇ?

‘ಮಗಳು ನನ್ನವಳು’ ಎಂಬುದು ಎರಡನೆಯ ವಾದ. ಇದರ ಕುರಿತು ಲೋಕದ ಕಾನೂನು ಹೇಳುವುದನ್ನೂ ತಿಳಿದಿರುವುದು ಒಳಿತು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿಯು ಮಗುವಿನ ಖಾಸಗಿತನದಲ್ಲಿಯೂ ಪತ್ರವ್ಯವಹಾರದಲ್ಲಿಯೂ ಮನಬಂದಂತೆ ಕೈಹಾಕಬಾರದೆನ್ನುತ್ತದೆ. ಭಾರತವು 1992ರಲ್ಲಿ ಅದಕ್ಕೆ ಬದ್ಧವಾಯಿತು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಸಂಸ್ಥೆಗಳು ಮಕ್ಕಳ ವರ್ತನೆಯನ್ನು ಹಿಂಬಾಲಿಸಿ ನೋಡುವುದನ್ನು, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅವು ಹಂತಹಂತವಾಗಿ ಜಾರಿಗೆ ಬರುವಂಥವು.

ಆದರೆ ಇದೇ ಅಧಿನಿಯಮವು ವ್ಯಕ್ತಿಯೊಬ್ಬನು ತನ್ನ ಸ್ವಂತದ ಅಥವಾ ಮನೆವಾರ್ತೆಯ ಉದ್ದೇಶಕ್ಕೆ ಮಾಹಿತಿಯನ್ನು ಬಳಸಿದರೆ ತಾನು ಅನ್ವಯಿಸುವುದಿಲ್ಲವೆಂದೂ ಹೇಳುತ್ತದೆ. ಅಂದರೆ ಈ ಕಾನೂನು ಹೊಸಿಲಿನ ಹೊರಗೆ ನಿಂತುಬಿಡುತ್ತದೆ. ಕಂಪನಿಗೆ ವಿಧಿಸಿದ ನಿರ್ಬಂಧವು ತಂದೆಗೆ ಇಲ್ಲ. ಹೊಸಿಲಿನ ಒಳಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನಿರ್ಣಯಿಸಬೇಕಾದುದು ಶ್ರಾವಕನ ವಿವೇಕ. ಅಣುವ್ರತಗಳು ಗೃಹಸ್ಥನಿಗೆಂದೇ ವಿಹಿತವಾದುದು ಅದಕ್ಕಾಗಿಯೇ ಅಲ್ಲವೇ?

ಮನೆಯೊಳಗಣ ಗುಟ್ಟು ಮನೆಯಲ್ಲಿಯೇ ಉಳಿಯುತ್ತದೆಂಬ ಭ್ರಮೆಯೂ ಬೇಡ. ಇಂಥ ತಂತ್ರಾಂಶಗಳು ಕದ್ದು ದಾಖಲಿಸಿದ್ದನ್ನು ಸಾಮಾನ್ಯವಾಗಿ ಮಾರಾಟ ಸಂಸ್ಥೆಯ ಯಂತ್ರಾಗಾರಕ್ಕೆ ಕಳುಹಿಸುತ್ತವೆ. ಪೋಷಕರು ಅಲ್ಲಿಂದ ತರಿಸಿಕೊಂಡು ನೋಡುತ್ತಾರೆ. ಅಮೆರಿಕದ ಎಕೋಮೆಟ್ರಿಕ್ಸ್ ಎಂಬ ಸಂಸ್ಥೆಯು ಮನೆಯ ಕಂಪ್ಯೂಟರಿನಲ್ಲಿ ಮಕ್ಕಳ ಚಟುವಟಿಕೆಯನ್ನು ದಾಖಲಿಸುವ ಸೆಂಟ್ರಿ ಎಂಬ ತಂತ್ರಾಂಶವನ್ನು ಪೋಷಕರಿಗೆ ಮಾರಿತ್ತು. ಅದರಿಂದ ದೊರೆತ ಮಕ್ಕಳ ಮಾತುಕತೆಯ ಅಂಶಗಳನ್ನು 2009ರಲ್ಲಿ ಪಲ್ಸ್ ಎಂಬ ಹೆಸರಿನ ಮಾರುಕಟ್ಟೆ ಸಮೀಕ್ಷೆಯ ಸರಕನ್ನಾಗಿ ಮಾಡಿತೆಂದೂ, ಇದನ್ನು ಪೋಷಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದೂ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2010ರ ನವೆಂಬರಿನ ಒಪ್ಪಂದದಂತೆ ಸಂಸ್ಥೆಯು ಆ ಮಾಹಿತಿಯನ್ನು ನಾಶಪಡಿಸಬೇಕಾಯಿತು. ಟೀನ್‌ಸೇಫ್ ಎಂಬ ಮತ್ತೊಂದು ನಿಗಾ ಸಂಸ್ಥೆಯ ಯಂತ್ರಾಗಾರವು ಯಾವ ಬೀಗವೂ ಇಲ್ಲದೆ ಅಂತರಜಾಲದಲ್ಲಿ ತೆರೆದಿದ್ದುದು 2018ರ ಮೇ ತಿಂಗಳಿನಲ್ಲಿ ಬಯಲಾಯಿತು. ಮಕ್ಕಳ ಖಾತೆಗಳ ಗುಪ್ತಪದಗಳು ಅಲ್ಲಿ ಸಾದಾ ಅಕ್ಷರಗಳಲ್ಲಿಯೇ ಇದ್ದವು. ಮಗುವನ್ನು ಅಪರಿಚಿತರಿಂದ ಕಾಪಾಡಹೊರಟ ತಂದೆಯೇ ಅದರ ಮನಸ್ಸನ್ನು ಅಪರಿಚಿತರ ಕೈಗೆ ಒಪ್ಪಿಸಿದಂತಾಯಿತು. ಹಿಂಸಾದಾನದಿಂದ ತಪ್ಪಿಸಿಕೊಳ್ಳಲು ಹೋಗಿ ಮತ್ತೊಂದು ಹಿಂಸಾದಾನ.

ಮೂರನೆಯದೊಂದು ವಾದವನ್ನು ನಾನು ಸಭೆಯೊಂದರಲ್ಲಿ ಕೇಳಿದ್ದೇನೆ. ಕೇವಲಜ್ಞಾನಿಗೆ ಮುಚ್ಚಿದುದು ಏನೂ ಇಲ್ಲ. ತಪ್ಪಿಲ್ಲದ ಮಗು ತಂದೆಗೆ ಏಕೆ ಮುಚ್ಚಬೇಕು ಎಂಬುದು ಅದರ ಸಾರ. ಕೇಳಲು ಚೆನ್ನಾಗಿದೆ, ಆದರೆ ಹೋಲಿಕೆಯ ಬುಡವೇ ಸಡಿಲ. ಕೇವಲಿಯ ಜ್ಞಾನವು ಮೋಹನೀಯವು ಕ್ಷಯವಾದ ಮೇಲೆ ಉಂಟಾದುದು. ಅಲ್ಲಿ ತಿಳಿಯಬೇಕೆಂಬ ಚಪಲವಿಲ್ಲ, ತಿಳಿದುದರ ಮೇಲೆ ರಾಗದ್ವೇಷವಿಲ್ಲ. ತಂದೆಯಾದರೋ ಭಯದಿಂದ, ಅಭಿಮಾನದಿಂದ, ನೆರೆಯವರು ಏನೆಂದುಕೊಂಡಾರೆಂಬ ಚಿಂತೆಯಿಂದ ನೋಡುತ್ತಾನೆ. ಮೋಹವನ್ನು ಇಟ್ಟುಕೊಂಡು ಸರ್ವಜ್ಞತ್ವವನ್ನು ಮಾತ್ರ ಯಂತ್ರದಿಂದ ಪಡೆಯಲು ಹೊರಟರೆ ಕೈಗೆ ಬರುವುದು ಜ್ಞಾನವಲ್ಲ, ಶಂಕೆ. ಒಂದು ಪತ್ರವನ್ನು ಓದಿದವನಿಗೆ ಮುಂದಿನದನ್ನು ಓದದೆ ನಿದ್ರೆ ಬಾರದು.

ಇನ್ನು ಮಗುವಿನ ಕಡೆಯಿಂದ ನೋಡೋಣ. ನಮ್ಮ ಧರ್ಮದಲ್ಲಿ ದೋಷಗಳ ಶೋಧನೆಗೆ ಆಲೋಚನೆ, ಪ್ರತಿಕ್ರಮಣಗಳಿವೆ. ಶಿಷ್ಯನು ತಾನಾಗಿಯೇ ಗುರುವಿನ ಬಳಿ ಬಂದು ತನ್ನ ದೋಷವನ್ನು ನಿವೇದಿಸಿಕೊಳ್ಳಬೇಕು. ಗುರುವು ಬೇಹುಗಾರರನ್ನಿಟ್ಟು ಅದನ್ನು ಪತ್ತೆಹಚ್ಚುವುದಿಲ್ಲ. ಏಕೆಂದರೆ ಶುದ್ಧಿಯು ಹೇಳಿಕೊಳ್ಳುವುದರಲ್ಲಿದೆ. ಆ ಹುಡುಗಿಗೆ ವಿಜ್ಞಾನದಲ್ಲಿ ಮನಸ್ಸಿಲ್ಲವೆಂಬುದನ್ನು ತಂದೆಗೆ ತಾನೇ ಹೇಳುವ ದಿನವೊಂದು ಬರಬೇಕಿತ್ತು. ಹೇಳಲು ಬೇಕಾದ ಧೈರ್ಯವನ್ನು ಆಕೆ ಗೆಳತಿಯ ಮುಂದೆ ಕೂಡಿಸಿಕೊಳ್ಳುತ್ತಿದ್ದಳು. ತಂದೆ ಮೊದಲೇ ಓದಿಬಿಟ್ಟುದರಿಂದ ಆ ದಿನವೇ ಇಲ್ಲವಾಯಿತು. ಸದಾ ಹೊರಗಿನ ಕಣ್ಣಿಗೆ ಅಂಜಿ ನಡೆಯುವ ಮಗು ಆ ಕಣ್ಣು ಇಲ್ಲದೆಡೆಯನ್ನು ಹುಡುಕಲು ಕಲಿಯುತ್ತದೆ. ನಾಳೆ ಹಾಸ್ಟೆಲಿಗೆ ಹೋದಾಗ, ಕೈಯಲ್ಲಿ ತನ್ನದೇ ಫೋನಿರುವಾಗ, ಅದನ್ನು ಕಾಯುವುದು ಅದರ ಒಳಗಿನ ಎಚ್ಚರವೊಂದೇ. ಮನೋಗುಪ್ತಿಯನ್ನು ಯಾವ ತಂದೆಯೂ ಮಗನ ಪರವಾಗಿ ಆಚರಿಸಲಾರ.

ತಪ್ಪೇ ಕಂಡುಬಂದರೆ? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ ಎಂಬವು ಒಂದರ ಹಿಂದೊಂದಾಗಿ ಬರುತ್ತವೆ. ಉಪಗೂಹನಕ್ಕೆ ನಿದರ್ಶನನಾದ ಜಿನೇಂದ್ರಭಕ್ತಶ್ರೇಷ್ಠಿಯ ಕಥೆ ಓದುಗರಿಗೆ ಗೊತ್ತಿದೆ. ವ್ರತಿಯ ವೇಷದಲ್ಲಿ ಬಂದ ಕಳ್ಳನು ಜಿನಬಿಂಬದ ಕೊಡೆಯ ರತ್ನವನ್ನು ಕದ್ದು ಓಡುವಾಗ ಕಾವಲುಗಾರರ ಕೈಗೆ ಸಿಕ್ಕಿಬೀಳುವುದರಲ್ಲಿದ್ದ. ಶ್ರೇಷ್ಠಿಯು ತಾನೇ ಅದನ್ನು ತರಹೇಳಿದ್ದೆನೆಂದು ಅವರನ್ನು ಹಿಂದಕ್ಕೆ ಕಳುಹಿಸಿ, ಏಕಾಂತದಲ್ಲಿ ಅವನನ್ನು ತಿದ್ದಿದ. ಸ್ಥಿತೀಕರಣಕ್ಕೆ ನಿದರ್ಶನ ವಾರಿಷೇಣ. ದೀಕ್ಷೆಯ ನಂತರವೂ ಮಡದಿಯ ನೆನಪಿನಲ್ಲಿ ತೊಳಲುತ್ತಿದ್ದ ಗೆಳೆಯ ಪುಷ್ಪಡಾಲನನ್ನು ಆತ ನಿಂದಿಸಲಿಲ್ಲ. ತನ್ನ ಅರಮನೆಗೆ ಕರೆದೊಯ್ದು ತಾನು ತೊರೆದುದೇನೆಂಬುದನ್ನು ಕಣ್ಣಾರೆ ತೋರಿಸಿದ. ಗೆಳೆಯನ ದೌರ್ಬಲ್ಯ ಆತನಿಗೆ ತಿಳಿದಿತ್ತು. ಜತೆಯಲ್ಲಿ ಬಾಳಿದ್ದರಿಂದ ತಿಳಿದಿತ್ತು. ಕಳ್ಳನ ದೋಷವನ್ನೇ ಮರೆಮಾಡಿ ತಿದ್ದಿದ ಪರಂಪರೆಗೆ ಸೇರಿದ ನಾವು, ಮಗಳು ಅಜ್ಜಿಯ ಕುರಿತು ಆಡಿದ ಒಂದು ಮಾತನ್ನು ಪಂಕ್ತಿಯಲ್ಲಿ ಬಡಿಸಿದೆವು.

ಹಾಗಾದರೆ ಮಾಡತಕ್ಕದ್ದೇನು? ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭದೇವನು ಬ್ರಾಹ್ಮಿಗೆ ಅಕ್ಷರಗಳನ್ನೂ ಸುಂದರಿಗೆ ಅಂಕೆಗಳನ್ನೂ ಮಡಿಲಲ್ಲಿ ಕುಳ್ಳಿರಿಸಿಕೊಂಡು ಕಲಿಸಿದನು. ಕಂಪ್ಯೂಟರೆಂಬುದೂ ಕೊನೆಗೆ ಅಕ್ಷರ ಮತ್ತು ಅಂಕೆಗಳ ಯಂತ್ರವೇ. ಚಿಕ್ಕ ಮಗುವಿಗೆ ಅದನ್ನು ಕೊಡುವವರು ಪಕ್ಕದಲ್ಲಿ ಕುಳಿತು ಕೊಡಲಿ. ಯಂತ್ರವು ಪಡಸಾಲೆಯಲ್ಲಿರಲಿ. ಬೇಲಿಯಂಥ ತಂತ್ರಾಂಶ ಬೇಕಾದರೆ ಮಗುವಿನ ಎದುರಿನಲ್ಲಿಯೇ ಹಾಕಿ, ಕಾರಣವನ್ನು ಹೇಳಲಿ. ಪ್ರಾಯ ಬಂದಂತೆ ಬೇಲಿಯನ್ನು ಹಿಂದಕ್ಕೆ ಸರಿಸಲಿ. ಹತ್ತರ ಹರೆಯಕ್ಕೆ ಸಲ್ಲುವ ನಿಗಾ ಹದಿನೇಳಕ್ಕೆ ಸಲ್ಲದು. ಯಾರೋ ಬೆದರಿಸುತ್ತಿದ್ದಾರೆ, ಪ್ರಾಣಕ್ಕೆ ಸಂಚಕಾರವಿದೆ ಎಂಬ ಗಟ್ಟಿಯಾದ ಕುರುಹು ಕಂಡಾಗ ತಂದೆತಾಯಿ ಪತ್ರವನ್ನು ತೆರೆದು ನೋಡಬೇಕಾಗಬಹುದು, ಅದು ಆಪದ್ಧರ್ಮ. ಆಗಲೂ ನೋಡಿದೆವೆಂದು ಮಗುವಿಗೆ ತಿಳಿಸುವುದು ಕರ್ತವ್ಯ. ಅಂಥ ಸಂದರ್ಭಕ್ಕೆ ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ಸಹಾಯವಾಣಿ 1930 ಇವೆ. ಇವನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಟ್ರಸ್ಟುಗಳಿಗೂ ಒಂದು ವಿನಂತಿ. ಪಾಠಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಕಂಪ್ಯೂಟರುಗಳಿರುವಲ್ಲಿ ಯಾವುದನ್ನು ತಡೆಯಲಾಗಿದೆ, ಯಾವುದನ್ನು ದಾಖಲಿಸಲಾಗುತ್ತದೆ, ಅದನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇರಿಸುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದಲ್ಲಿಯೇ ತೂಗುಹಾಕಿರಿ. ವಿ.ಸಿ. ಫಾರಂನ ಭತ್ತದ ತಾಕಿಗೆ ಇರುವ ಫಲಕವು ನಮ್ಮ ಮಕ್ಕಳಿಗೂ ಇರಲಿ.

ಕೃತ, ಕಾರಿತ, ಅನುಮೋದಿತ ಎಂದು ಕರ್ಮಾಸ್ರವಕ್ಕೆ ಮೂರು ದಾರಿಗಳನ್ನು ಹೇಳಿದ್ದಾರೆ. ಮಾಡಿದವರು ನಮ್ಮ ಬಂಧುಗಳು. ನಕ್ಕು ಅನುಮೋದಿಸಿದವನು ನಾನು. ಆ ವರ್ಷದ ದಶಲಕ್ಷಣ ಪರ್ವದ ಕೊನೆಗೆ, ಕ್ಷಮಾವಾಣಿಯ ದಿನ, ನಾವಿಬ್ಬರೂ ಹುಡುಗಿಯ ಮುಂದೆ ಕುಳಿತು ತಪ್ಪನ್ನು ಒಪ್ಪಿಕೊಂಡೆವು. ತಂತ್ರಾಂಶವನ್ನು ಅವಳ ಎದುರಿನಲ್ಲಿಯೇ ತಂದೆ ತೆಗೆದುಹಾಕಿದರು. “ಆಗಲಿ ಅಪ್ಪಾಜಿ” ಎಂದಳು. ನನ್ನ ಕಡೆ ತಿರುಗಿ, “ನೀವೂ ನಗಬಾರದಿತ್ತು ದೊಡ್ಡಪ್ಪ” ಎಂದಳು. ಈಗ ಆಕೆ ಬೇರೆ ಊರಿನಲ್ಲಿ ತನಗೆ ಮೆಚ್ಚಾದ ವಿಷಯವನ್ನು ಓದುತ್ತಿದ್ದಾಳೆ. ಮನೆಗೆ ಫೋನು ಮಾಡುತ್ತಾಳೆ. ಆದರೆ ಮೊದಲಿನಂತೆ ಎಲ್ಲವನ್ನೂ ಹೇಳುವುದಿಲ್ಲವೆಂದು ತಂದೆ ಹೇಳುತ್ತಾರೆ. ಒಡೆದ ನ್ಯಾಸವು ಕ್ಷಮೆ ಬೇಡಿದ ಮಾತ್ರಕ್ಕೆ ಕೂಡಿಕೊಳ್ಳುವುದಿಲ್ಲ. ಇನ್ನೂ ಒಡೆಯದೆ ಉಳಿದಿರುವ ಮನೆಗಳವರು ಇದನ್ನು ಮನಸ್ಸಿಗೆ ತಂದುಕೊಳ್ಳಲೆಂದು ಇಷ್ಟನ್ನು ಬರೆದಿದ್ದೇನೆ.